ರನ್‌ಫ್ಲಾಟ್ ಟೈರ್‌ನಲ್ಲಿ ನಿಧಾನಕ್ಕೆ ಗಾಳಿ ಇಳಿಯುತ್ತಿದೆ: ಪ್ಯಾಚ್ ಹಾಕಿಸಬಹುದೇ, ಟೈರನ್ನೇ ಬದಲಿಸಬೇಕೇ?

ಹೆಬ್ಬಾಳ_ಡ್ರೈವ್

ಎಲ್ಲರಿಗೂ ನಮಸ್ಕಾರ. ಕಾರಿನ ನಾಲ್ಕೂ ಟೈರ್ ರನ್‌ಫ್ಲಾಟ್ (ಗಾಳಿ ಹೋದರೂ ಸ್ವಲ್ಪ ದೂರ ಓಡುವ ಟೈರ್), ಅಳತೆ 225/50 ಆರ್17, ಅಲಾಯ್ ಡಿಸ್ಕ್ (ಟೈರ್ ಕೂರುವ ಲೋಹದ ಚಕ್ರ). ಸ್ಟೆಪ್ನಿ ಇಲ್ಲ. ಹಿಂದಿನ ಬಲಗಡೆಯ ಟೈರ್‌ನಲ್ಲಿ ಮಾತ್ರ ವಾರಕ್ಕೆ ಸುಮಾರು 4 ಪಿಎಸ್‌ಐ ಇಳಿಯುತ್ತಿದೆ, ಮಿಕ್ಕ ಮೂರೂ ಸರಿಯಾಗಿವೆ. 33ಕ್ಕೆ ತುಂಬಿಸುತ್ತೇನೆ, 27ಕ್ಕಿಂತ ಕೆಳಗೆ ಇಳಿಯಲು ಬಿಟ್ಟಿಲ್ಲ. ಟೈರ್‌ನ ಎಚ್ಚರಿಕೆ ದೀಪ ಇದುವರೆಗೆ ಹತ್ತಿಲ್ಲ. ಟ್ರೆಡ್ (ರಸ್ತೆಗೆ ತಾಗುವ ಗೀರುಗಳ ಮೈ) ಇನ್ನೂ 5 ಮಿ.ಮೀ. ಇದೆ. ಪಂಕ್ಚರ್ ಅಂಗಡಿಯವರು ‘ಹೊರಗಿನಿಂದಲೇ ಸ್ಟ್ರಿಪ್ ಹಾಕೋಣ, ಹತ್ತು ನಿಮಿಷದ ಕೆಲಸ’ ಎನ್ನುತ್ತಾರೆ (ಸ್ಟ್ರಿಪ್ ಎಂದರೆ ತೂತಿಗೆ ತುರುಕುವ ಅಂಟು ರಬ್ಬರ್ ಪಟ್ಟಿ). ಸರ್ವಿಸ್ ಸೆಂಟರ್‌ನವರು ‘ರನ್‌ಫ್ಲಾಟ್‌ಗೆ ರಿಪೇರಿ ಇಲ್ಲ, ಹೊಸದು ಹಾಕಿಸಿ’ ಎನ್ನುತ್ತಾರೆ. ಯಾವುದು ಸರಿ? ರಿಪೇರಿ ಆಗುವುದಾದರೆ ಯಾವ ಕ್ರಮದಲ್ಲಿ ಆಗಬೇಕು ಎಂದು ತಿಳಿದವರು ಹೇಳಿ. ಅಂಗಡಿಯಲ್ಲಿ ನಿಂತು ಕೆಲಸ ನೋಡಿಕೊಳ್ಳಲು ಅನುಕೂಲವಾಗುತ್ತದೆ.

ಟಾರ್ಕ್_ರೆಂಚ್

ಸರ್, ಇಬ್ಬರ ಮಾತನ್ನೂ ಸದ್ಯಕ್ಕೆ ಬದಿಗಿಡಿ. ಗಾಳಿ ಎಲ್ಲಿಂದ ಹೋಗುತ್ತಿದೆ ಎಂದು ಇನ್ನೂ ಯಾರೂ ನೋಡಿಯೇ ಇಲ್ಲ. ವಾರಕ್ಕೆ 4 ಪಿಎಸ್‌ಐ ಇಳಿಯಲು ಮೊಳೆಯೇ ಬೇಕೆಂದಿಲ್ಲ. ವಾಲ್ವ್ ಪಿನ್, ವಾಲ್ವ್‌ನ ಬುಡ, ಟೈರ್‌ನ ಬೀಡ್ (ಟೈರ್‌ನ ಬಳೆಯಂಥ ಒಳ ಅಂಚು) ಡಿಸ್ಕ್ ಮೇಲೆ ಕೂರುವ ಜಾಗ, ಡಿಸ್ಕ್‌ನ ಒಳಮೈಯಲ್ಲಿ ಕೂದಲೆಳೆಯಷ್ಟು ಬಿರುಕು, ಇವೆಲ್ಲವೂ ಇಷ್ಟೇ ನಿಧಾನಕ್ಕೆ ಗಾಳಿ ಬಿಡುತ್ತವೆ. ಚೆನ್ನಾಗಿರುವ ಟೈರ್ ಕೂಡ ತಿಂಗಳಿಗೆ 1 ಪಿಎಸ್‌ಐ ಆಸುಪಾಸು ಕಳೆದುಕೊಳ್ಳುತ್ತದೆ. ಹವೆ 10 ಡಿಗ್ರಿ ತಣ್ಣಗಾದರೆ ಇನ್ನೂ ಒಂದೂವರೆ ಕಡಿಮೆ ತೋರಿಸುತ್ತದೆ, ಆದರೆ ಅದು ನಾಲ್ಕೂ ಚಕ್ರಕ್ಕೆ ಆಗಬೇಕು. ನಿಮಗೆ ಒಂದರಲ್ಲೇ ಆಗುತ್ತಿದೆ ಎಂದರೆ ಲೀಕ್ ಇರುವುದು ಖಚಿತ.

ಪತ್ತೆ ಮಾಡಲು ಚಕ್ರ ಬಿಚ್ಚಲೇಬೇಕು. ಕಾರಿನಲ್ಲೇ ಇಟ್ಟು ನೋಡಿದರೆ ಒಳಗಡೆಯ ಅಂಚು ಕಾಣುವುದಿಲ್ಲ, ಬೀಡ್ ಲೀಕ್ ಮತ್ತು ಡಿಸ್ಕ್ ಬಿರುಕು ಹೆಚ್ಚಾಗಿ ಇರುವುದೇ ಅಲ್ಲಿ. ಗಾಳಿಯನ್ನು 40 ಪಿಎಸ್‌ಐಗೆ ಏರಿಸಿ (ಟೈರ್‌ನ ಪಕ್ಕದ ಮೈ, ಅಂದರೆ ಸೈಡ್‌ವಾಲ್ ಮೇಲೆ ಬರೆದ ಗರಿಷ್ಠ ಒತ್ತಡ ದಾಟಬಾರದು), ಪಾತ್ರೆ ತೊಳೆಯುವ ಸೋಪು ಬೆರೆಸಿದ ನೀರನ್ನು ಸ್ಪ್ರೇ ಮಾಡಿ. ಮೊದಲು ವಾಲ್ವ್‌ನ ಬಾಯಿ ಮತ್ತು ಬುಡ, ಆಮೇಲೆ ಎರಡೂ ಕಡೆಯ ಬೀಡ್ ಅಂಚು ಪೂರ್ತಿ ಸುತ್ತು, ಡಿಸ್ಕ್‌ನ ಒಳಮೈ, ಕೊನೆಗೆ ಟ್ರೆಡ್. ರಬ್ಬರ್ ವಾಲ್ವ್ ಇದ್ದರೆ ಬೆರಳಿನಿಂದ ಸ್ವಲ್ಪ ಬಾಗಿಸಿ ನೋಡಿ. ನೆಟ್ಟಗಿದ್ದಾಗ ಮುಚ್ಚಿಕೊಂಡಿರುವ ಬುಡದ ಬಿರುಕು ಬಾಗಿಸಿದಾಗ ಬಾಯಿ ಬಿಡುತ್ತದೆ. ನಿಧಾನದ ಲೀಕ್‌ನಲ್ಲಿ ದೊಡ್ಡ ಗುಳ್ಳೆ ಬರುವುದಿಲ್ಲ. ಬಿಳಿ ನೊರೆ ಸಣ್ಣಗೆ ಕಟ್ಟಿಕೊಳ್ಳುತ್ತದೆ, ಅದಕ್ಕೂ 2–3 ನಿಮಿಷ ಬೇಕು. ಹಾಗಾಗಿ ಅವಸರ ಮಾಡಬೇಡಿ. ಚಕ್ರ ಪೂರ್ತಿ ಮುಳುಗುವ ನೀರಿನ ತೊಟ್ಟಿ ಇರುವ ಅಂಗಡಿ ಸಿಕ್ಕರೆ ಇನ್ನೂ ಒಳ್ಳೆಯದು.

ಲೀಕ್ ಸಿಕ್ಕ ಜಾಗದಲ್ಲಿ ಟೈರ್ ಮೇಲೂ ಡಿಸ್ಕ್ ಮೇಲೂ ಮೇಣದ ಕ್ರೇಯಾನ್‌ನಿಂದ ಒಂದೇ ಸಾಲಿನಲ್ಲಿ ಗುರುತು ಹಾಕಿಸಿ. ವಾಲ್ವ್‌ಗೆ ಎದುರಾಗಿ ಟೈರ್ ಮೇಲೆ ಇನ್ನೊಂದು ಗುರುತು. ಟೈರ್ ಕಳಚಿದ ಮೇಲೆ ತಪ್ಪು ಡಿಸ್ಕ್‌ನದೋ ಟೈರ್‌ನದೋ ಎಂದು ಹೇಳಲು ಇವು ಬೇಕಾಗುತ್ತವೆ.

ರಬ್ಬರ್_ಬೆಂಚ್

ಮೇಲಿನವರು ಹೇಳಿದ್ದು ಸರಿ. ಲೀಕ್ ಟ್ರೆಡ್‌ನಲ್ಲೇ ಸಿಕ್ಕಿತು ಎಂದುಕೊಂಡು ಮುಂದಿನದನ್ನು ಬರೆಯುತ್ತೇನೆ.

ರನ್‌ಫ್ಲಾಟ್ ರಿಪೇರಿ ಆಗುತ್ತದೋ ಇಲ್ಲವೋ ಎನ್ನುವುದನ್ನು ತೂತಿಗಿಂತ ಹೆಚ್ಚಾಗಿ ತೀರ್ಮಾನಿಸುವುದು ಆ ಟೈರ್ ಗಾಳಿ ಕಡಿಮೆ ಇದ್ದಾಗ ಓಡಿದೆಯೋ ಇಲ್ಲವೋ ಎಂಬುದು. ಈ ಟೈರ್‌ನ ಸೈಡ್‌ವಾಲ್ ಒಳಗೆ ದಪ್ಪ ರಬ್ಬರ್ ಪಟ್ಟಿ ಇರುತ್ತದೆ. ಗಾಳಿ ಇಲ್ಲದಾಗ ಕಾರಿನ ಭಾರ ಹೊರುವುದು ಅದೇ. ಹೊತ್ತುಕೊಂಡು ಸುತ್ತುವಾಗ ಮಡಚಿ ಮಡಚಿ ಕಾಯುತ್ತದೆ. ಆ ಬಿಸಿಗೆ ಒಳಗಿನ ಪದರಗಳ ಬಂಧ ಸಡಿಲವಾದರೂ ಹೊರಗಿನಿಂದ ಟೈರ್ ಹೊಸದರಂತೆಯೇ ಕಾಣುತ್ತದೆ. ಮಾಮೂಲಿ ಟ್ಯೂಬ್‌ಲೆಸ್ ಗಾಳಿ ಇಳಿದರೆ ಚಪ್ಪಟೆಯಾಗಿ ತಾನೇ ಹೇಳಿಬಿಡುತ್ತದೆ, ಇದು ಹೇಳುವುದಿಲ್ಲ. ಅದಕ್ಕೇ ಹೊರಗಿನಿಂದ ಸ್ಟ್ರಿಪ್ ಹಾಕುವುದನ್ನು ನಾನು ಖಂಡಿತ ಒಪ್ಪುವುದಿಲ್ಲ. ಟೈರ್ ಕಳಚದೆ ಒಳಗಿನ ಸ್ಥಿತಿ ಗೊತ್ತಾಗುವ ದಾರಿಯೇ ಇಲ್ಲ.

ಕಳಚಿದ ಮೇಲೆ ಒಳ್ಳೆಯ ಬೆಳಕಿನಲ್ಲಿ ಸೈಡ್‌ವಾಲ್‌ನ ಒಳಮೈ ಸುತ್ತಲೂ ನೋಡಬೇಕು. ರಬ್ಬರ್ ಪುಡಿ, ಉಂಗುರದಂತೆ ಸುತ್ತಿ ಬಂದ ಸುಕ್ಕು ಅಥವಾ ಸವೆದ ಗೆರೆ, ನೀಲಿ ಛಾಯೆಗೆ ತಿರುಗಿದ ಬಣ್ಣ, ಕೈಯಿಂದ ಒತ್ತಿದಾಗ ಒಂದು ಕಡೆ ಮೆತ್ತಗೆ ಇನ್ನೊಂದು ಕಡೆ ಗಟ್ಟಿ, ಇವುಗಳಲ್ಲಿ ಒಂದು ಕಂಡರೂ ಟೈರ್ ಮುಗಿಯಿತು. ಎಚ್ಚರಿಕೆ ದೀಪ ಹತ್ತಿದ ಮೇಲೆ ಎಷ್ಟು ದೂರ ಓಡಿಸಿದ್ದಾರೆ ಎಂದು ಗೊತ್ತಿಲ್ಲದ ಟೈರನ್ನೂ, ಗುರುತು ಕಾಣದಿದ್ದರೂ, ರಿಪೇರಿ ಮಾಡಬಾರದು. ನೀವು 27ಕ್ಕಿಂತ ಕೆಳಗೆ ಬಿಟ್ಟಿಲ್ಲ ಎಂದಿದ್ದೀರಿ, ಅದು ನಿಮ್ಮ ಪರವಾಗಿದೆ.

ತೂತಿನ ಮಿತಿ: ಟ್ರೆಡ್‌ನ ನಡುಭಾಗದಲ್ಲಿರಬೇಕು, 6 ಮಿ.ಮೀ. ಮೀರಬಾರದು, ಹಳೆಯ ಪ್ಯಾಚ್‌ಗೆ ತಾಗುವಂತಿರಬಾರದು. ಶೋಲ್ಡರ್‌ಗೋ (ಟ್ರೆಡ್ ಮತ್ತು ಸೈಡ್‌ವಾಲ್ ಸೇರುವ ಅಂಚು) ಸೈಡ್‌ವಾಲ್‌ಗೋ ಬಂದರೆ ರಿಪೇರಿ ಇಲ್ಲ. ಇನ್ನು ಕಂಪನಿಗಳ ನಿಯಮ ಒಂದೇ ರೀತಿ ಇಲ್ಲ. ಒಂದು ಸಲ ಮಾತ್ರ ರಿಪೇರಿಗೆ ಒಪ್ಪುವವರಿದ್ದಾರೆ, ಬೇಡವೇ ಬೇಡ ಎನ್ನುವವರಿದ್ದಾರೆ, ರಿಪೇರಿಯಾದ ಟೈರ್‌ಗೆ ಮೊದಲಿನ ವೇಗದ ರೇಟಿಂಗ್ ಉಳಿಯದು ಎನ್ನುವವರೂ ಇದ್ದಾರೆ. ಸೈಡ್‌ವಾಲ್ ಮೇಲೆ ಆರ್‌ಎಫ್‌ಟಿ, ಝಡ್‌ಪಿ, ಆರ್‌ಓಎಫ್, ಎಸ್‌ಎಸ್‌ಆರ್ (ಬೇರೆ ಬೇರೆ ಕಂಪನಿಗಳ ರನ್‌ಫ್ಲಾಟ್ ಗುರುತುಗಳು) ಎಂದು ಏನು ಬರೆದಿದೆ ನೋಡಿ, ಆ ಕಂಪನಿ ಏನು ಹೇಳುತ್ತದೆ ಎಂದು ತಿಳಿದುಕೊಂಡೇ ಅಂಗಡಿಗೆ ಹೋಗಿ. ಬೇಡ ಎಂದಿದ್ದರೆ ಸರ್ವಿಸ್ ಸೆಂಟರ್‌ನವರ ಮಾತೇ ಸರಿ.

ಕೆಲಸದ ಕ್ರಮಕ್ಕೆ ಬರೋಣ. ಮೊಳೆ ಕೀಳುವ ಮೊದಲು ಅದು ಎಷ್ಟು ಓರೆಯಾಗಿ ಹೊಕ್ಕಿದೆ ನೋಡಬೇಕು. ಸುಮಾರು 25 ಡಿಗ್ರಿಗಿಂತ ಹೆಚ್ಚು ಓರೆ ಇದ್ದರೆ ಮಶ್ರೂಮ್ ಪ್ಯಾಚ್‌ನ (ಒಳಗೆ ಅಂಟುವ ತಲೆ, ತೂತು ತುಂಬುವ ಕಾಂಡ ಎರಡೂ ಇರುವ ಅಣಬೆಯಾಕಾರದ ಪ್ಯಾಚ್) ಕಾಂಡವನ್ನು ಎಳೆದಾಗ ತಲೆ ಸಪಾಟಾಗಿ ಕೂರುವುದಿಲ್ಲ. ಆಗ ಕಾಂಡ ಬೇರೆ, ಪ್ಯಾಚ್ ಬೇರೆ ಹಾಕಬೇಕು. ಒಳಮೈಯನ್ನು ಕ್ಲೀನರ್ ಹಾಕಿ ಕೆರೆಯಬೇಕು. ತಯಾರಿಕೆಯ ವೇಳೆ ಅಚ್ಚಿಗೆ ಬಳಿದ ಜಾರು ಪದಾರ್ಥ ಅಲ್ಲಿ ಉಳಿದಿರುತ್ತದೆ, ಅದರ ಮೇಲೆ ಸೊಲ್ಯೂಷನ್ ಹಿಡಿಯುವುದಿಲ್ಲ. ನಂತರ ಕಾರ್ಬೈಡ್ ಕಟರ್‌ನಿಂದ, ನಿಧಾನ ವೇಗದಲ್ಲಿ (1,200 ಆರ್‌ಪಿಎಂ ಮೀರದಂತೆ), ಮೊಳೆ ಹೊಕ್ಕ ದಿಕ್ಕನ್ನೇ ಹಿಡಿದು ತೂತನ್ನು ಶುದ್ಧ ಮಾಡಬೇಕು. ಉಕ್ಕಿನ ತಂತಿಯ ತುದಿಗಳು ಹಾಗೇ ಚಾಚಿಕೊಂಡಿದ್ದರೆ ಕಾಂಡವನ್ನು ದಿನೇ ದಿನೇ ಕೊಯ್ಯುತ್ತವೆ.

ಪ್ಯಾಚ್‌ನ ತಲೆಗಿಂತ ಸುತ್ತಲೂ ಒಂದು ಸೆಂ.ಮೀ.ನಷ್ಟು ಹೆಚ್ಚು ಜಾಗವನ್ನು 5,000 ಆರ್‌ಪಿಎಂ ಒಳಗಿನ ಬಫರ್‌ನಿಂದ ಉಜ್ಜಬೇಕು. ಮಕಮಲ್ಲಿನಂಥ ಮೈ ಬಂದರೆ ಸಾಕು. ವೇಗ ಹೆಚ್ಚಾದರೆ ರಬ್ಬರ್ ಸುಟ್ಟು ಹೊಳೆಯುತ್ತದೆ, ಹೊಳೆಯುವ ಮೈಗೆ ಪ್ಯಾಚ್ ಹಿಡಿಯದು. ಆಳಕ್ಕಿಳಿದರೆ ಇನ್ನರ್ ಲೈನರ್ (ಗಾಳಿ ಹಿಡಿದಿಡುವ ಒಳ ಪದರ) ತೂತಾಗುತ್ತದೆ. ಪುಡಿಯನ್ನು ವ್ಯಾಕ್ಯೂಮ್‌ನಿಂದ ಎಳೆಯಬೇಕು. ಕಂಪ್ರೆಸರ್ ಗಾಳಿ ಊದಿದರೆ ತೇವ, ಎಣ್ಣೆ ಅಲ್ಲಿ ಕೂರುತ್ತದೆ. ವಲ್ಕನೈಸಿಂಗ್ ಸೊಲ್ಯೂಷನ್ ಅನ್ನು ತೆಳುವಾಗಿ ಒಂದೇ ಪದರ ಬಳಿದು, ಬೆರಳಿನ ಹಿಂಭಾಗಕ್ಕೆ ಅಂಟಂಟು ಆಗುವವರೆಗೆ ಕಾಯಬೇಕು. ಸಾಮಾನ್ಯವಾಗಿ 3–5 ನಿಮಿಷ, ಮಳೆಗಾಲದಲ್ಲಿ ಇನ್ನೂ ಜಾಸ್ತಿ. ಪ್ಯಾಚ್ ಏಳುವ ಕೇಸುಗಳಲ್ಲಿ ಬಹುಪಾಲು ಇಲ್ಲಿ ಕಾಯದೇ ಇದ್ದುದರಿಂದಲೇ: ಹಸಿ ದ್ರಾವಕ ಪ್ಯಾಚ್ ಅಡಿಯಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ.

ಆಮೇಲೆ ಕಾಂಡವನ್ನು ಒಳಗಿನಿಂದ ಹೊರಕ್ಕೆ ಎಳೆದು, ತಲೆಯನ್ನು ಸ್ಟಿಚರ್ ರೋಲರ್‌ನಿಂದ ನಡುವಿನಿಂದ ಅಂಚಿಗೆ ಒತ್ತಿ ಉರುಳಿಸಬೇಕು. ಅಂಚಿಗೂ ಉಜ್ಜಿದ ಖಾಲಿ ಜಾಗಕ್ಕೂ ಸೀಲರ್ ಬಳಿಯಬೇಕು. ಹೊರಗೆ ಉಳಿದ ಕಾಂಡವನ್ನು ಎಳೆಯದೆ ಟ್ರೆಡ್‌ಗಿಂತ 3 ಮಿ.ಮೀ. ಮೇಲೆ ಕತ್ತರಿಸಬೇಕು.

ನೈಸ್‌ರೋಡ್_ರೈಡರ್

ಗುರುಗಳೇ, ಸ್ಟ್ರಿಪ್ ಅಷ್ಟು ಕೆಟ್ಟದೇ? ಎಷ್ಟೋ ಟೈರ್‌ಗಳು ಸ್ಟ್ರಿಪ್ ಮೇಲೆಯೇ ಸವೆಯುವವರೆಗೆ ಓಡುತ್ತವಲ್ಲ.

ರಬ್ಬರ್_ಬೆಂಚ್

ಓಡುತ್ತವೆ, ನಿಜ. ದಾರಿಯಲ್ಲಿ ಸಿಕ್ಕಿಹಾಕಿಕೊಂಡಾಗ ಊರು ಸೇರಲು ಅದು ಉಪಕಾರಿಯೇ. ತೊಂದರೆ ಇರುವುದು ಎರಡು ಕಡೆ. ಸ್ಟ್ರಿಪ್ ತುರುಕುವ ಮೊದಲು ಒರಟು ರೀಮರ್ ತಿರುಗಿಸುತ್ತಾರಲ್ಲ, ಅದು 3 ಮಿ.ಮೀ. ತೂತನ್ನು ಹಿಗ್ಗಿಸಿ ಟ್ರೆಡ್ ಅಡಿಯ ಉಕ್ಕಿನ ಬೆಲ್ಟ್ ತಂತಿಗಳನ್ನು ಹರಿಯಬಹುದು. ಎರಡನೆಯದು, ಸ್ಟ್ರಿಪ್ ತೂತನ್ನು ತುಂಬುತ್ತದೆಯೇ ಹೊರತು ಇನ್ನರ್ ಲೈನರ್ ಮೇಲೆ ಮುಚ್ಚಳ ಹಾಕುವುದಿಲ್ಲ. ಗಾಳಿಯೂ ತೇವವೂ ಪದರಗಳ ನಡುವೆ ನುಸುಳಿ ಬೆಲ್ಟ್‌ಗೆ ತುಕ್ಕು ಹಿಡಿಯುತ್ತದೆ. ಮುಂದೆ ಯಾವತ್ತೋ ಗಾಳಿ ಪೂರ್ತಿ ಹೋದಾಗ 80 ಕಿ.ಮೀ. ಹೊತ್ತೊಯ್ಯಬೇಕಾದ ಟೈರ್ ಇದು, ಅದರ ಒಳಗಟ್ಟು ಗಟ್ಟಿಯಿರಲೇಬೇಕು.

ಹೆಬ್ಬಾಳ_ಡ್ರೈವ್

ಚಕ್ರ ಬಿಚ್ಚಿಸಿ ಸೋಪಿನ ನೀರು ಹಾಕಿಸಿದೆ. ಟ್ರೆಡ್‌ನಲ್ಲಿ ಏನೂ ಇಲ್ಲ, ವಾಲ್ವ್ ಕೂಡ ಸರಿಯಿದೆ. ಒಳಗಡೆಯ ಬೀಡ್ ಅಂಚಿನಲ್ಲಿ ಒಂದು ಗೇಣಿನಷ್ಟು ಉದ್ದಕ್ಕೆ ಸಣ್ಣ ನೊರೆ ಕಟ್ಟುತ್ತಿದೆ. ಅಲ್ಲಿ ಡಿಸ್ಕ್‌ನ ಬಣ್ಣ ಉಬ್ಬಿ ಎದ್ದಿದೆ. ಈ ಡಿಸ್ಕ್‌ಗಳು ಮೊದಲು ಕೆಲವು ವರ್ಷ ಉಡುಪಿಯಲ್ಲಿ ಓಡಿದ ಕಾರಿನವು.

ಪಡುಬಿದ್ರಿ_ದಾರಿ

ಹಾಗಾದರೆ ಟೈರ್‌ಗೆ ಏನೂ ಆಗಿಲ್ಲ ಎಂದು ಧೈರ್ಯವಾಗಿರಿ. ಕರಾವಳಿಯಲ್ಲಿ ಓಡಿದ ಅಲಾಯ್‌ಗಳಲ್ಲಿ ಇದು ತುಂಬಾ ಸಾಮಾನ್ಯ. ಬಣ್ಣದ ಪದರ ಎಲ್ಲಾದರೂ ಕಿತ್ತುಬಂದರೆ ಉಪ್ಪಿನ ತೇವ ಅದರ ಅಡಿಗೆ ಹೋಗಿ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಉಬ್ಬುತ್ತದೆ, ಬೀಡ್ ಮೇಲೆತ್ತಿದಂತಾಗಿ ಸಂದು ಬೀಳುತ್ತದೆ. ಒಳಗಡೆ ಬ್ರೇಕ್ ಧೂಳೂ ಸೇರುವುದರಿಂದ ಹಾಳಾಗುವುದು ಬೇಗ.

ಟೈರ್ ಕಳಚಿ ಬೀಡ್ ಕೂರುವ ಜಾಗವನ್ನು ನೈಲಾನ್ ಉಜ್ಜುವ ಪ್ಯಾಡ್ ಅಥವಾ ನಯವಾದ ವೈರ್ ಬ್ರಷ್‌ನಿಂದ ಸುತ್ತಲೂ ಶುದ್ಧ ಮಾಡಿಸಿ. ನೊರೆ ಬಂದ ಜಾಗವಷ್ಟೇ ಸಾಲದು, ಪಕ್ಕದ್ದು ಮುಂದಿನ ವರ್ಷ ಏಳುತ್ತದೆ. ಗ್ರೈಂಡರ್ ಹಚ್ಚಲು ಬಿಡಬೇಡಿ. ಅಲ್ಯೂಮಿನಿಯಂ ಮೆತ್ತಗಿನ ಲೋಹ, ಒಮ್ಮೆ ತಗ್ಗು ಬಿದ್ದರೆ ಆ ಜಾಗ ಶಾಶ್ವತವಾಗಿ ಸೋರುತ್ತದೆ. ಬರಿ ಲೋಹ ಕಂಡ ಕಡೆ ತೆಳುವಾಗಿ ಪ್ರೈಮರ್ ಹೊಡೆಸಿ ಪೂರ್ತಿ ಒಣಗಿಸಬೇಕು. ಟೈರ್‌ನ ಬೀಡ್ ಮೇಲೆ ಅಂಟಿರುವ ಪುಡಿಯನ್ನೂ ಒರೆಸಬೇಕು. ಬೀಡ್ ಸೀಲರ್ ಬೇಕಿದ್ದರೆ ತೆಳುವಾಗಿ ಬಳಿಯಲಿ, ಆದರೆ ಬಿಳಿ ಪುಡಿಯ ಮೇಲೆ ಬಳಿದರೆ ಪುಡಿಯ ಜೊತೆಗೇ ಎದ್ದು ಬರುತ್ತದೆ.

ಡಿಸ್ಕ್ ಬೆತ್ತಲೆಯಾಗಿರುವಾಗ ಒಳಮೈಯಲ್ಲಿ ಬಿರುಕು, ಸೊಟ್ಟ ನೋಡಿಸಿಬಿಡಿ. ರನ್‌ಫ್ಲಾಟ್‌ನ ಸೈಡ್‌ವಾಲ್ ಬಿಗಿ, ಗುಂಡಿಯ ಪೆಟ್ಟನ್ನು ಅದು ನುಂಗುವುದಿಲ್ಲ, ಡಿಸ್ಕ್‌ಗೆ ದಾಟಿಸುತ್ತದೆ. ಬಿರುಕು ಕಂಡರೆ ವೆಲ್ಡಿಂಗ್ ಮಾಡಿಸಬೇಡಿ, ಡಿಸ್ಕ್ ಬದಲಿಸಿ. ಟೈರ್ ಒಳಕ್ಕೆ ಸುರಿಯುವ ಸೀಲಂಟ್ ದ್ರವವನ್ನೂ ಯಾರಾದರೂ ಸೂಚಿಸಬಹುದು. ಅದು ಟ್ರೆಡ್‌ನ ತೂತಿಗೆ ಮಾಡಿದ್ದು, ಬೀಡ್ ಅಂಚಿಗೆ ಸರಿಯಾಗಿ ತಲುಪುವುದೇ ಇಲ್ಲ.

ಟಾರ್ಕ್_ರೆಂಚ್

ಜೋಡಿಸುವಾಗಿನ ಎರಡು ಮಾತು ಸೇರಿಸುತ್ತೇನೆ, ಕಷ್ಟಪಟ್ಟು ಉಜ್ಜಿದ ಕೆಲಸ ಇಲ್ಲಿ ಕೆಡುತ್ತದೆ. ಸಹಾಯಕ ತೋಳು ಇರುವ ಮೆಷಿನ್ ಇರುವ ಅಂಗಡಿಗೇ ಹೋಗಿ. ಬರೀ ಲಿವರ್ ಹಾಕಿ ಬಿಗಿ ಸೈಡ್‌ವಾಲ್ ಎಬ್ಬಿಸಿದರೆ ಬೀಡ್‌ನ ರಬ್ಬರ್ ಹರಿಯುತ್ತದೆ, ಆಮೇಲೆ ಬೇರೆಯದೇ ಲೀಕ್. ಎರಡೂ ಬೀಡ್‌ಗೆ ಟೈರ್ ಪೇಸ್ಟ್ ಧಾರಾಳವಾಗಿ ಹಚ್ಚಲಿ, ಗ್ರೀಸ್ ಬೇಡ. ಚಕ್ರದಲ್ಲಿ ಒತ್ತಡದ ಸೆನ್ಸರ್ ಇದ್ದರೆ ಅದು ಎಲ್ಲಿದೆ ಎಂದು ಮೊದಲೇ ಹೇಳಿ, ಮೆಷಿನ್‌ನ ತಲೆ ತಾಗಿದರೆ ಒಡೆಯುತ್ತದೆ. ಸೆನ್ಸರ್‌ನ ಅಲ್ಯೂಮಿನಿಯಂ ವಾಲ್ವ್‌ಗೆ ನಿಕ್ಕೆಲ್ ಲೇಪನದ ಪಿನ್ನೇ ಬೇಕು. ಸಾದಾ ಹಿತ್ತಾಳೆ ಪಿನ್ ಒಳಗೇ ತುಕ್ಕು ಹಿಡಿದು ಕಚ್ಚಿಕೊಳ್ಳುತ್ತದೆ.

ಬ್ಯಾಲೆನ್ಸಿಂಗ್ ಆದಮೇಲೆ, ಟೈರ್ ತಣ್ಣಗಿರುವಾಗ ನಾಲ್ಕಕ್ಕೂ ಸರಿಯಾದ ಗಾಳಿ ತುಂಬಿ, ಆಮೇಲಷ್ಟೇ ಎಚ್ಚರಿಕೆ ವ್ಯವಸ್ಥೆಯನ್ನು ರೀಸೆಟ್ ಮಾಡಿ. ಸೆನ್ಸರ್ ಇಲ್ಲದೆ ಚಕ್ರದ ವೇಗ ನೋಡಿ ಅಂದಾಜು ಮಾಡುವ ಕಾರುಗಳಲ್ಲಿ, ರೀಸೆಟ್ ಮಾಡಿದಾಗ ಇದ್ದ ಒತ್ತಡವನ್ನೇ ಅದು ಸರಿ ಎಂದುಕೊಳ್ಳುತ್ತದೆ. 27ರಲ್ಲಿ ರೀಸೆಟ್ ಮಾಡಿದರೆ ದೀಪ ಹತ್ತುವ ಹೊತ್ತಿಗೆ ಟೈರ್ 20ರ ಆಸುಪಾಸಿನಲ್ಲಿರುತ್ತದೆ. ಗೇಜ್ ಒಂದು ಕಾರಿನಲ್ಲೇ ಇರಲಿ.

ಹೆಬ್ಬಾಳ_ಡ್ರೈವ್

ಡಿಸ್ಕ್ ಉಜ್ಜಿಸುವುದೆಂದು ನಿರ್ಧಾರವಾಯಿತು, ಎಲ್ಲರಿಗೂ ಧನ್ಯವಾದ. ಅಲ್ಲಿಯವರೆಗೆ ಮೈಸೂರಿಗೆ ಹೋಗಿಬರಬೇಕಿದೆ, ಗಾಳಿ ತುಂಬಿಸಿಕೊಂಡು ಹೋಗಬಹುದೇ?

ರಬ್ಬರ್_ಬೆಂಚ್

ಇಳಿಯುವ ವೇಗ ಇಷ್ಟೇ ಇದ್ದರೆ ಹೋಗಬಹುದು. ಹೊರಡುವ ಮುಂಚೆ ಒಮ್ಮೆ, ಅಲ್ಲಿಂದ ವಾಪಸು ಹೊರಡುವ ಬೆಳಿಗ್ಗೆ ಒಮ್ಮೆ, ತಣ್ಣಗಿರುವಾಗ ಗೇಜ್ ಹಿಡಿಯಿರಿ. ಒಂದು ರಾತ್ರಿಯಲ್ಲಿ 2 ಪಿಎಸ್‌ಐಗಿಂತ ಹೆಚ್ಚು ಇಳಿದಿದ್ದರೆ ಹೆದ್ದಾರಿಗೆ ಏರದೆ ಅಲ್ಲೇ ಬಿಚ್ಚಿಸಿ. 80 ಕಿ.ಮೀ. ದೂರ, ಗಂಟೆಗೆ 80 ಕಿ.ಮೀ. ವೇಗ ಎನ್ನುವ ಲೆಕ್ಕ ಗಾಳಿ ಪೂರ್ತಿ ಹೋದಾಗ ಹತ್ತಿರದ ಅಂಗಡಿ ಸೇರುವುದಕ್ಕೆ ಇರುವುದು. ಅದನ್ನು ಒಂದು ಸಲ ಬಳಸಿಕೊಂಡರೆ, ಈಗ ಚೆನ್ನಾಗಿರುವ ಈ ಟೈರ್ ರಿಪೇರಿಗೂ ಉಳಿಯುವುದಿಲ್ಲ.