ಹಕೋನೆಯಲ್ಲಿ ಆನ್ಸೆನ್ ಸ್ನಾನ: ಅಮ್ಮನಿಗೆ ಸಂಕೋಚ

ಪ್ರಶ್ನೆ: ಅಮ್ಮನ ಜೊತೆ ಜಪಾನಿಗೆ ಹೋಗುತ್ತಿದ್ದೇನೆ. ಹಕೋನೆಯ ಆನ್ಸೆನ್, ಅಂದರೆ ಬಿಸಿನೀರಿನ ಬುಗ್ಗೆಯ ಸ್ನಾನಕ್ಕೆ ಬಟ್ಟೆ ಹಾಕುವಂತಿಲ್ಲ ಅಂತಾರೆ, ನಿಜಾನಾ?

ಉತ್ತರ 1: ನಿಜ. ಸಾಮಾನ್ಯವಾಗಿ ಹೆಂಗಸರಿಗೆ ಬೇರೆ ಕೊಳ ಇರುತ್ತದೆ. ಮೊದಲು ಸಣ್ಣ ಸ್ಟೂಲ್ ಮೇಲೆ ಕೂತು ಸೋಪು ಹಚ್ಚಿ ತೊಳೆದುಕೊಂಡು, ನೊರೆ ಪೂರ್ತಿ ಹೋದ ಮೇಲೇ ಇಳಿಯಬೇಕು, ಯಾಕಂದ್ರೆ ಆ ನೀರು ಎಲ್ಲರಿಗೂ ಒಂದೇ ಅಲ್ವಾ. ಕೂದಲು ಮೇಲೆ ಕಟ್ಟಿ. ಟವೆಲ್ ನೀರಿಗೆ ತಾಗಬಾರದು, ಮಡಚಿ ತಲೆ ಮೇಲೆ ಇಟ್ಟುಕೊಳ್ಳಿ.

ಉತ್ತರ 2: ಸಂಕೋಚ ಜಾಸ್ತಿ ಇದ್ದರೆ ‘ಕಾಶಿಕಿರಿ’ ಕೇಳಿ, ಸ್ವಲ್ಪ ಹೊತ್ತು ನಿಮಗಷ್ಟೇ ಕೊಡುವ ಸ್ನಾನದ ಕೋಣೆ. ಅಮ್ಮನ ಕೈಮೇಲೆ ಹಚ್ಚೆ ಇದ್ದರಂತೂ ಇದೇ ಒಳ್ಳೆಯದು, ಎಷ್ಟೋ ಕಡೆ ಹಚ್ಚೆ ಇದ್ದವರನ್ನು ಬಿಡುವುದಿಲ್ಲ.

ಉತ್ತರ 3: ಸ್ನಾನ ಆದ ಮೇಲೆ ಯುಕಾಟ, ಅಂದರೆ ತೆಳು ಹತ್ತಿಯ ನಿಲುವಂಗಿ, ಉಡುವಾಗ ಎಡಗಡೆಯ ಅಂಚು ಮೇಲೆ ಬರಲಿ. ಬಲಗಡೆಯದು ಮೇಲೆ ಬರುವಂತೆ ಉಡಿಸುವುದು ಹೆಣಕ್ಕೆ. ಸಸ್ಯಾಹಾರಿಗಳಾದರೆ ಉಳಿಯುವ ಜಾಗ ಬುಕಿಂಗ್ ಮಾಡುವಾಗಲೇ ಹೇಳಿ, ಸೂಪಿಗೆ ಹಾಕುವ ದಾಶಿ ಎಂಬ ಸಾರದಲ್ಲಿ ಸಾಮಾನ್ಯವಾಗಿ ಮೀನು ಇರುತ್ತದೆ.