ಟೆಕ್ಸಾಸ್‌ನ ಪಿಸ್ತೂಲು ಲೈಸೆನ್ಸ್ ನ್ಯೂಜೆರ್ಸಿಯಲ್ಲಿ ನಡೆಯುತ್ತದೆಯೇ? ಅನುಭವವಿದ್ದವರು ತಿಳಿಸಿ

ಪ್ರಶ್ನೆ, ಡಲ್ಲಾಸ್‌ನಿಂದ

ಎಲ್ಲರಿಗೂ ನಮಸ್ಕಾರ. ನನಗೆ ಗ್ರೀನ್ ಕಾರ್ಡ್ ಇದೆ. ಪಿಸ್ತೂಲನ್ನು ಬಟ್ಟೆಯ ಮರೆಯಲ್ಲಿ ಇಟ್ಟುಕೊಂಡು ಓಡಾಡಲು ಟೆಕ್ಸಾಸ್ ಕೊಡುವ ಲೈಸೆನ್ಸ್ ಕೂಡ ಇದೆ. ಬೇಸಿಗೆ ರಜೆಗೆ ಸಂಸಾರ ಸಮೇತ ಕಾರಿನಲ್ಲಿ ನ್ಯೂಜೆರ್ಸಿಯ ಎಡಿಸನ್‌ಗೆ, ತಮ್ಮನ ಮನೆಗೆ ಹೊರಟಿದ್ದೇವೆ. ಅರ್ಕಾನ್ಸಾ, ಟೆನೆಸಿ ದಾಟಿ, ಐ-81 ಹೆದ್ದಾರಿ ಹಿಡಿದು ವರ್ಜೀನಿಯಾ, ಪೆನ್ಸಿಲ್ವೇನಿಯಾ ಮೇಲೆ ಹೋಗುವ ದಾರಿ. ರಾತ್ರಿ ಮೋಟೆಲ್‌ಗಳಲ್ಲಿ ತಂಗಬೇಕು, ಮಕ್ಕಳು ಜೊತೆಗಿರುತ್ತಾರೆ. ಪಿಸ್ತೂಲು ಇದ್ದರೆ ಧೈರ್ಯ ಎನಿಸುತ್ತದೆ. ಡ್ರೈವಿಂಗ್ ಲೈಸೆನ್ಸಿನಂತೆ ಇದೂ ಎಲ್ಲ ರಾಜ್ಯಗಳಲ್ಲಿ ನಡೆಯುತ್ತದೆಯೇ? ವಾಪಸ್ಸು ಬರುವಾಗ ನಾನೊಬ್ಬನೇ ಮೊದಲು ವಿಮಾನದಲ್ಲಿ ಬರುವ ಸಾಧ್ಯತೆಯೂ ಇದೆ.

ಈಸ್ಟನ್, ಪೆನ್ಸಿಲ್ವೇನಿಯಾದಿಂದ

ಸರ್, ದಯವಿಟ್ಟು ತರಬೇಡಿ. ನನ್ನ ಮನೆ ಡೆಲಾವೇರ್ ನದಿಯ ಈ ದಡದಲ್ಲಿದೆ, ಸೇತುವೆ ದಾಟಿದರೆ ನ್ಯೂಜೆರ್ಸಿಯ ಫಿಲಿಪ್ಸ್‌ಬರ್ಗ್. ನನ್ನಲ್ಲಿರುವ ಪೆನ್ಸಿಲ್ವೇನಿಯಾ ಪರ್ಮಿಟ್‌ಗೆ ಆ ದಡದಲ್ಲಿ ಕವಡೆ ಕಿಮ್ಮತ್ತಿಲ್ಲ. ಕೆಲಸಕ್ಕೆ ನದಿ ದಾಟುವ ದಿನ ಪಿಸ್ತೂಲು ಬೀರುವಿನಲ್ಲೇ ಇರುತ್ತದೆ.

ಯಾವ ರಾಜ್ಯ ಯಾರ ಪರ್ಮಿಟ್ ಒಪ್ಪಬೇಕು ಎಂಬುದನ್ನು ಆಯಾ ರಾಜ್ಯವೇ ನಿರ್ಧರಿಸುತ್ತದೆ. ಪೊಲೀಸರಿಗೆ, ನಿವೃತ್ತ ಪೊಲೀಸರಿಗೆ 2004ರ ಕೇಂದ್ರ ಕಾನೂನಿನ ಆಸರೆ ಇದೆ; ನಮ್ಮಂಥವರಿಗಿಲ್ಲ. ಎಲ್ಲ ರಾಜ್ಯಗಳೂ ಒಪ್ಪಲೇಬೇಕು ಎಂಬ ಮಸೂದೆಯೊಂದು 2017ರ ಡಿಸೆಂಬರಿನಲ್ಲಿ ಕೆಳಮನೆಯಲ್ಲಿ ಅಂಗೀಕಾರವಾಗಿತ್ತು, ಸೆನೆಟ್ ದಾಟಲಿಲ್ಲ. 2022ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಕೊಟ್ಟ ಬ್ರೂಯೆನ್ ತೀರ್ಪಿನ ನಂತರ ಎಲ್ಲವೂ ಸಲೀಸಾಯಿತು ಎನ್ನುವವರು ಸಿಗುತ್ತಾರೆ. ಪರ್ಮಿಟ್ ಕೇಳುವವರು ವಿಶೇಷ ಕಾರಣ ತೋರಿಸಬೇಕೆಂಬ ನ್ಯೂಯಾರ್ಕ್ ಷರತ್ತನ್ನು ಆ ತೀರ್ಪು ರದ್ದು ಮಾಡಿತು, ನಿಜ. ಆದರೆ ಬೇರೆ ರಾಜ್ಯದ ಪರ್ಮಿಟನ್ನು ಒಪ್ಪಿಕೊಳ್ಳಿ ಎಂದು ಅದು ಯಾವ ರಾಜ್ಯಕ್ಕೂ ಹೇಳಿಲ್ಲ.

ನಿಮ್ಮ ದಾರಿಯನ್ನೇ ನೋಡಿ. ಅರ್ಕಾನ್ಸಾ, ಟೆನೆಸಿ, ಪಶ್ಚಿಮ ವರ್ಜೀನಿಯಾಗಳಲ್ಲಿ ಪರ್ಮಿಟ್ ಇಲ್ಲದವರೂ ಒಯ್ಯಬಹುದು. ಪೆನ್ಸಿಲ್ವೇನಿಯಾ ಟೆಕ್ಸಾಸ್ ಲೈಸೆನ್ಸನ್ನು ಒಪ್ಪುತ್ತದೆ. ವರ್ಜೀನಿಯಾ ಮಾತ್ರ ಚಂಚಲ: 2015ರ ಡಿಸೆಂಬರಿನಲ್ಲಿ ಅಲ್ಲಿನ ಅಟಾರ್ನಿ ಜನರಲ್ 25 ರಾಜ್ಯಗಳ ಪರ್ಮಿಟ್‌ಗಳಿಗೆ ಮಾನ್ಯತೆ ನಿಲ್ಲಿಸುವುದಾಗಿ ಪ್ರಕಟಿಸಿದ್ದರು, 2016ರಲ್ಲಿ ಹೊಸ ಕಾನೂನು ಬಂದು ಅದು ತಿರುವುಮುರುವಾಯಿತು. ಹೀಗಾಗಿ ಹಳೆಯ ನಕ್ಷೆಗಳನ್ನು ನಂಬದೆ, ಹೊರಡುವ ವಾರದಲ್ಲಿ ಆಯಾ ರಾಜ್ಯದ ಪೊಲೀಸ್ ಅಥವಾ ಅಟಾರ್ನಿ ಜನರಲ್ ಕಚೇರಿಯ ಪಟ್ಟಿಯನ್ನೇ ನೋಡಬೇಕು. ಮೇರಿಲ್ಯಾಂಡ್ ಹೊರಗಿನ ಪರ್ಮಿಟ್ ಒಪ್ಪುವುದಿಲ್ಲ. ಹೇಗರ್ಸ್‌ಟೌನ್ ಬಳಿ ಐ-81 ಆ ರಾಜ್ಯದಲ್ಲಿ ಸಾಗುವುದು ಸುಮಾರು 12 ಮೈಲಿಯಷ್ಟೇ. ಕಾನೂನಿಗೆ ಆ 12 ಮೈಲಿಯೂ ಮೇರಿಲ್ಯಾಂಡೇ.

ಹಾದುಹೋಗುವವರಿಗೆ 1986ರ ಕೇಂದ್ರ ಕಾನೂನೊಂದು ರಕ್ಷಣೆ ಕೊಡುತ್ತದೆ. ಪಿಸ್ತೂಲಿನಲ್ಲಿ ಗುಂಡು ಇರಬಾರದು, ಪಿಸ್ತೂಲೂ ಗುಂಡುಗಳೂ ಕೂತಲ್ಲಿಂದ ಕೈಗೆ ಎಟುಕಬಾರದು. ಪ್ರತ್ಯೇಕ ಡಿಕ್ಕಿ ಇಲ್ಲದ ಗಾಡಿಯಾದರೆ ಬೀಗ ಹಾಕಿದ ಪೆಟ್ಟಿಗೆ ಬೇಕು, ಗ್ಲೋವ್ ಬಾಕ್ಸ್ ಲೆಕ್ಕಕ್ಕಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಹೊರಟ ಜಾಗದಲ್ಲೂ ತಲುಪುವ ಜಾಗದಲ್ಲೂ ಆ ಪಿಸ್ತೂಲನ್ನು ಇಟ್ಟುಕೊಳ್ಳುವ, ಒಯ್ಯುವ ಹಕ್ಕು ನಿಮಗಿರಬೇಕು. ನೀವು ನ್ಯೂಜೆರ್ಸಿಯನ್ನು ಹಾದುಹೋಗುತ್ತಿಲ್ಲ, ಅಲ್ಲೇ ಇಳಿಯುತ್ತಿದ್ದೀರಿ. ಅಲ್ಲಿನ ಪರ್ಮಿಟ್ ಇಲ್ಲದವರಿಗೆ ಸ್ವಂತ ಮನೆ, ಸ್ವಂತ ಜಾಗದ ವಿನಾಯಿತಿ ಇದೆ. ತಮ್ಮನ ಮನೆ ನಿಮ್ಮ ಮನೆಯಲ್ಲ. ಪರ್ಮಿಟ್ ಇಲ್ಲದೆ ಪಿಸ್ತೂಲು ಹೊಂದುವುದು ಅಲ್ಲಿ 5ರಿಂದ 10 ವರ್ಷ ಸೆರೆವಾಸದ ಅಪರಾಧ.

2013ರಲ್ಲಿ ಫಿಲಡೆಲ್ಫಿಯಾದ ಒಬ್ಬ ತಾಯಿಯನ್ನು ನ್ಯೂಜೆರ್ಸಿ ಪೊಲೀಸರು ಸಂಚಾರ ತಪಾಸಣೆಗೆಂದು ನಿಲ್ಲಿಸಿದರು. ಪಿಸ್ತೂಲು ಇದೆ, ಪೆನ್ಸಿಲ್ವೇನಿಯಾ ಪರ್ಮಿಟ್ ಇದೆ ಎಂದು ಆಕೆಯೇ ಬಾಯಿಬಿಟ್ಟು ಹೇಳಿದರು. ಪರ್ಮಿಟ್ ಅಲ್ಲೂ ನಡೆಯುತ್ತದೆ ಎಂದೇ ಅವರು ತಿಳಿದಿದ್ದರು. ಜೈಲು, ಮೊಕದ್ದಮೆ, ಪತ್ರಿಕೆಗಳ ಗದ್ದಲ ಎಲ್ಲ ಮುಗಿದು 2015ರಲ್ಲಿ ಗವರ್ನರ್ ಕ್ರಿಸ್ ಕ್ರಿಸ್ಟಿ ಕ್ಷಮಾದಾನ ಕೊಟ್ಟರು.

ಆ ಕ್ಷಮಾದಾನ ನಿಮ್ಮನ್ನು ಉಳಿಸುತ್ತದೆ ಎಂದುಕೊಳ್ಳಬೇಡಿ. ಗ್ರೀನ್ ಕಾರ್ಡ್‌ನವರಿಗೆ ಬಂದೂಕು ಕಾನೂನಿನ ಅಡಿ ಅಪರಾಧ ಸಾಬೀತಾದರೆ ಅದೇ ಗಡಿಪಾರಿಗೆ ಆಧಾರವಾಗುತ್ತದೆ. ಗವರ್ನರ್ ಕ್ಷಮಿಸಿದರೆ ಗಡಿಪಾರಿನಿಂದ ಪಾರಾಗುವ ಅಪರಾಧಗಳು ಕೆಲವಿವೆ. ಅವುಗಳ ಪಟ್ಟಿಯಲ್ಲಿ ಬಂದೂಕಿನ ಅಪರಾಧವಿಲ್ಲ. ವರ್ಷಗಟ್ಟಲೆ ಕಾದು ಪಡೆದ ಕಾರ್ಡು, ಇಲ್ಲೇ ಬೆಳೆಯುತ್ತಿರುವ ಮಕ್ಕಳು. ಹೆದ್ದಾರಿ ಬದಿಯ ಮೋಟೆಲ್ಲಿನ ಭಯಕ್ಕೆ ಇಷ್ಟನ್ನೆಲ್ಲ ಪಣಕ್ಕಿಡುವುದನ್ನು ನೆನೆದರೇ ನನಗೆ ಸಂಕಟವಾಗುತ್ತದೆ.

ಮಿಷಿಗನ್‌ನಿಂದ

ಮೇಲಿನವರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಪರ್ಮಿಟನ್ನು ಒಪ್ಪುವ ರಾಜ್ಯದಲ್ಲೂ ನಡೆಯುವುದು ಆ ರಾಜ್ಯದ ನಿಯಮ, ನಮ್ಮ ರಾಜ್ಯದ್ದಲ್ಲ. ನಮ್ಮಲ್ಲಿ ಪೊಲೀಸರು ನಿಲ್ಲಿಸಿದ ಕೂಡಲೇ, ಅವರು ಕೇಳುವ ಮೊದಲೇ, ಪಿಸ್ತೂಲು ಇದೆ ಎಂದು ನಾವೇ ತಿಳಿಸಬೇಕು. ಪೂಜಾಸ್ಥಳಕ್ಕೆ ಒಯ್ಯಲು ಅಲ್ಲಿನ ಮುಖ್ಯಸ್ಥರ ಅನುಮತಿ ಬೇಕು. ನಮ್ಮವರು ಪ್ರವಾಸದಲ್ಲಿ ದೇವಸ್ಥಾನ ಕಂಡಲ್ಲಿ ಇಳಿಯುತ್ತಾರೆ, ಆದ್ದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ. ಇನ್ನೊಂದು: ಮಿಷಿಗನ್, ಕೊಲರಾಡೊ ರಾಜ್ಯಗಳು ಹೊರಗಿನ ಪರ್ಮಿಟನ್ನು ಒಪ್ಪುವುದು ಅದನ್ನು ಕೊಟ್ಟ ರಾಜ್ಯದಲ್ಲೇ ನೀವು ವಾಸವಿದ್ದರೆ ಮಾತ್ರ. ಹೊರ ರಾಜ್ಯದವರಿಗೆ ಯೂಟಾ ಕೊಡುವ ಅನಿವಾಸಿ ಪರ್ಮಿಟ್ ತರಿಸಿಕೊಂಡು ದೇಶವೆಲ್ಲ ಸುತ್ತಬಹುದು ಎಂಬ ಸಲಹೆ ಇಲ್ಲಿ ಕೈಕೊಡುತ್ತದೆ.

ವರ್ಜೀನಿಯಾದಿಂದ

ವಿಮಾನದ ಮಾತು ಎತ್ತಿದ್ದೀರಿ. ಗುಂಡು ತೆಗೆದು, ಬೀಗ ಹಾಕಿದ ಗಟ್ಟಿ ಪೆಟ್ಟಿಗೆಯಲ್ಲಿಟ್ಟು, ಕೌಂಟರಿನಲ್ಲಿ ಘೋಷಿಸಿ, ಚೆಕ್-ಇನ್ ಲಗೇಜಿನಲ್ಲಿ ಕಳುಹಿಸಬಹುದು ಎಂಬುದು ಕೇಂದ್ರ ನಿಯಮ. ನ್ಯೂಜೆರ್ಸಿಯ ನೆವಾರ್ಕ್ ವಿಮಾನ ನಿಲ್ದಾಣದಲ್ಲಿ ಇದನ್ನೇ ನೆಚ್ಚಿಕೊಳ್ಳಬೇಡಿ. 2005ರಲ್ಲಿ ಯೂಟಾದವರೊಬ್ಬರು ಪೆನ್ಸಿಲ್ವೇನಿಯಾಕ್ಕೆ ಹೋಗುವಾಗ ಅಲ್ಲಿ ಮುಂದಿನ ವಿಮಾನ ತಪ್ಪಿಸಿಕೊಂಡರು. ಲಗೇಜು ಪಡೆದು ಹೋಟೆಲಿನಲ್ಲಿ ರಾತ್ರಿ ಕಳೆದು, ಬೆಳಿಗ್ಗೆ ಪಿಸ್ತೂಲು ಇದೆ ಎಂದು ಪ್ರಾಮಾಣಿಕವಾಗಿ ಘೋಷಿಸಿದಾಗ ಬಂಧನವಾಯಿತು. ಆರೋಪ ಬಿದ್ದುಹೋಯಿತು. ಆದರೆ ಅವರು ಹೂಡಿದ ದಾವೆಯನ್ನು ಮೇಲ್ಮನವಿ ನ್ಯಾಯಾಲಯ 2010ರಲ್ಲಿ ತಳ್ಳಿಹಾಕಿತು: ರಾತ್ರಿ ಪೆಟ್ಟಿಗೆ ಅವರ ಕೈಗೆಟುಕುವಂತಿತ್ತು, ಹಾಗಾಗಿ 1986ರ ಕಾನೂನಿನ ರಕ್ಷಣೆ ಇಲ್ಲ ಎಂದು.

ಕೊನೆಯದಾಗಿ, ನಿಮ್ಮ ತಮ್ಮ ಯಾವ ವೀಸಾದಲ್ಲಿದ್ದಾರೆ? ಎಚ್‌1ಬಿ, ಎಲ್‌1, ಎಫ್‌1ನಂಥ ತಾತ್ಕಾಲಿಕ ವೀಸಾದವರು ಬೇಟೆಯ ಲೈಸೆನ್ಸಿನಂಥ ಕೆಲವು ವಿನಾಯಿತಿ ಬಿಟ್ಟರೆ ಬಂದೂಕನ್ನಾಗಲಿ ಗುಂಡನ್ನಾಗಲಿ ಇಟ್ಟುಕೊಳ್ಳುವುದೇ ಕೇಂದ್ರ ಕಾನೂನಿನಡಿ ಅಪರಾಧ. ನೀವು ಒಬ್ಬರೇ ಮೊದಲು ಹೊರಟು ಪಿಸ್ತೂಲನ್ನು ಅವರ ಮನೆಯಲ್ಲಿ ಬಿಟ್ಟು ಬಂದರೆ ಸಿಕ್ಕಿಬೀಳುವವರು ಅವರು. ಹೊರಡುವ ಮುನ್ನ ಅವರಿಗೊಂದು ಫೋನ್ ಮಾಡಿ ಕೇಳಿ.