ಉಕ್ಕಿನ ಕಂಬದ ಬಳಿ ಆರ್‌ಒವಿ ದಿಕ್ಕು ತಪ್ಪುತ್ತಿದೆ: ಡಿವಿಎಲ್ ಕೊಂಡರೆ ಸರಿಹೋದೀತೆ?

ಪ್ರಶ್ನೆ (ವಾಸ್ಕೋ, ಗೋವಾ)

ಎಲ್ಲರಿಗೂ ನಮಸ್ಕಾರ. ಜುವಾರಿ ನದಿ ಕಡಲು ಸೇರುವಲ್ಲಿರುವ ಜೆಟ್ಟಿಯೊಂದರ ಕಂಬಗಳನ್ನು ಸಣ್ಣ ಆರ್‌ಒವಿ (ಕೇಬಲ್ ಮೂಲಕ ಮೇಲಿನಿಂದ ನಡೆಸುವ ನೀರೊಳಗಿನ ಯಂತ್ರ) ಇಳಿಸಿ ಪರೀಕ್ಷಿಸುವ ಕೆಲಸ ನಮ್ಮದು. ಒತ್ತಡದ ಸಂವೇದಕದ ನೆರವಿನಿಂದ ಯಂತ್ರ ಆಳವನ್ನು ಕದಲದಂತೆ ಹಿಡಿದು ನಿಲ್ಲುತ್ತದೆ. ಆದರೆ ಉಕ್ಕಿನ ಕಂಬಕ್ಕೆ ಒಂದು ಮೀಟರಿನಷ್ಟು ಹತ್ತಿರವಾದೊಡನೆ ಅದರ ಮೂತಿ ನಿಧಾನವಾಗಿ ಎಡಕ್ಕೆ ತಿರುಗುತ್ತದೆ, ಇಳಿತದ ಹೊತ್ತಿನಲ್ಲಂತೂ ಅದು ಪಕ್ಕಕ್ಕೆ ಸರಿದು ಕೇಬಲ್ ಹೋಗಿ ಕಂಬಕ್ಕೆ ಅಂಟಿದ ಚಿಪ್ಪುಗಳಿಗೆ ಉಜ್ಜುತ್ತದೆ. ಮಳೆಗಾಲದ ರಾಡಿ ನೀರಿನಲ್ಲಿ ಕ್ಯಾಮೆರಾವನ್ನು ನಂಬುವಂತಿಲ್ಲ. ಡಿವಿಎಲ್ (ಧ್ವನಿಯಿಂದ ವೇಗ ಅಳೆಯುವ ಸಂವೇದಕ) ಕೊಂಡರೆ ಎರಡೂ ತೊಂದರೆ ನೀಗುತ್ತವೆಯೇ?

ಉತ್ತರ 1 (ದೋನಾ ಪಾವ್ಲಾ)

ಇವೆರಡೂ ಬೇರೆ ಬೇರೆ ದೋಷಗಳು. ಮೂತಿ ತಿರುಗುವುದು ದಿಕ್ಸೂಚಿಯಿಂದ: ಉಕ್ಕು ಭೂಮಿಯ ಕಾಂತಕ್ಷೇತ್ರವನ್ನು ಕದಡುವುದರಿಂದ ನಿಯಂತ್ರಕವು ತಪ್ಪು ದಿಕ್ಕನ್ನೇ ಸರಿಯೆಂದು ನಂಬಿ ಯಂತ್ರವನ್ನು ಅದಕ್ಕೆ ಹೊಂದಿಸುತ್ತದೆ, ಹಾಗಾಗಿ ಪಿಐಡಿಯನ್ನು (ತಪ್ಪನ್ನು ನೋಡಿ ಯಂತ್ರವನ್ನು ಸರಿಪಡಿಸುವ ನಿಯಂತ್ರಣ ಸೂತ್ರ) ಎಷ್ಟು ತಿದ್ದಿದರೂ ಫಲವಿಲ್ಲ. ಕಂಬದ ಬಳಿ ದಿಕ್ಸೂಚಿಯ ಅಳತೆಗೆ ಕೊಡುವ ಮಹತ್ವವನ್ನು ತಗ್ಗಿಸಿ ಗೈರೋವನ್ನು (ಯಂತ್ರ ತಿರುಗುವುದನ್ನು ಅಳೆಯುವ ಸಂವೇದಕ) ಹೆಚ್ಚು ಅವಲಂಬಿಸಿ. ಅಗ್ಗದ ಗೈರೋದ ಅಳತೆ ಹೊತ್ತು ಕಳೆದಂತೆ ತಪ್ಪುತ್ತಾ ಹೋಗುತ್ತದೆ. ಬೆಳಕಿನ ನೆರವಿನಿಂದ ಅಳೆಯುವ ಫೈಬರ್ ಆಪ್ಟಿಕ್ ಗೈರೋಗೆ ಕಾಂತಕ್ಷೇತ್ರದ ಹಂಗಿಲ್ಲ, ಆದರೆ ಬೆಲೆ ಬಹಳ. ಡಿವಿಎಲ್ ತಳದತ್ತ ಧ್ವನಿಕಿರಣಗಳನ್ನು ಬಿಟ್ಟು, ಮರುದನಿಯ ಕಂಪನಾಂಕದಲ್ಲಾದ ವ್ಯತ್ಯಾಸದಿಂದ ವೇಗವನ್ನು ಅಳೆಯುತ್ತದೆ. ರಾಡಿ ನೀರಿನಲ್ಲೂ ಕೆಲಸ ಮಾಡುವ ಅದು ಪಕ್ಕಕ್ಕೆ ಸರಿಯುವುದನ್ನು ತಡೆಯಲು ನೆರವಾದೀತು, ದಿಕ್ಕನ್ನು ಮಾತ್ರ ಹೇಳದು.

ಉತ್ತರ 2 (ಮುಂಬೈ)

ಸೆಳೆತದ ವೇಗ ಇಮ್ಮಡಿಯಾದರೆ ನೀರಿನ ಎಳೆತ ನಾಲ್ಮಡಿಯಾಗುತ್ತದೆ, ಅದರಲ್ಲಿ ದೊಡ್ಡ ಪಾಲು ಹೊರಬಿಟ್ಟ ಕೇಬಲ್ಲಿನ ಮೇಲೆಯೇ ಬೀಳಬಹುದು. ಥ್ರಸ್ಟರ್‌ಗಳು (ಯಂತ್ರವನ್ನು ತಳ್ಳುವ ಮೋಟಾರುಗಳು) ಆಗಲೇ ಪೂರ್ಣ ಬಲದಲ್ಲಿ ತಿರುಗುತ್ತಿದ್ದರೆ ಯಾವ ಸಂವೇದಕವೂ ಯಂತ್ರವನ್ನು ನಿಲ್ಲಿಸಲಾರದು. ದಯವಿಟ್ಟು ಮೊದಲು ಅದನ್ನು ನೋಡಿ.

ಆಳ ಸಮುದ್ರದಲ್ಲಿ ತೊಡಕೇ ಬೇರೆ. ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯ ರೋಸಬ್ 6000 ಯಂತ್ರ 2010ರಲ್ಲಿ 5,289 ಮೀಟರ್ ಆಳಕ್ಕೆ ಇಳಿದಿತ್ತು. ನೀರಿನಲ್ಲಿ ಸೆಕೆಂಡಿಗೆ ಸುಮಾರು 1,500 ಮೀಟರ್ ಸಾಗುವ ಧ್ವನಿಗೆ, ಯಂತ್ರದ ಜಾಗ ತಿಳಿಯಲು ಹಡಗಿನಿಂದ ಅಷ್ಟು ಆಳಕ್ಕೆ ಹೋಗಿ ಬರಲು ಸುಮಾರು 7 ಸೆಕೆಂಡು ಬೇಕು. ಅಂಥ ಆಳದಲ್ಲಿ ಒಂದು ಮರುದನಿಯಿಂದ ಇನ್ನೊಂದರವರೆಗೆ ಯಂತ್ರ ಎಲ್ಲಿದೆಯೆಂಬುದನ್ನು ಡಿವಿಎಲ್, ಗೈರೋ, ಒತ್ತಡದ ಅಳತೆಗಳನ್ನು ಕಾಲ್ಮನ್ ಫಿಲ್ಟರ್‌ನಲ್ಲಿ (ಹಲವು ಅಳತೆಗಳಿಂದ ಒಂದು ಅಂದಾಜು ಕೊಡುವ ಗಣಿತ ವಿಧಾನ) ಕೂಡಿಸಿಯೇ ಅಂದಾಜಿಸಬೇಕು. ಈ ಕೂಡಿಸುವ ವಿದ್ಯೆ ಸಣ್ಣ ಯಂತ್ರಗಳಿಗೂ ಬಂದಿರುವುದೇ ನನ್ನ ಕಣ್ಣಿಗೆ ನಿಜವಾದ ಪ್ರಗತಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞತೆಗಳು. ಇಂದು ಬೆಳಿಗ್ಗೆ ಉಬ್ಬರ ಮುಗಿದು ನೀರು ನಿಂತ ಹೊತ್ತಿನಲ್ಲಿ, ಕೇಬಲ್ಲನ್ನು ಬೇಕಾದಷ್ಟೇ ಬಿಟ್ಟು ಇಳಿಸಿದೆವು. ಯಂತ್ರ ಪಕ್ಕಕ್ಕೆ ಸರಿಯಲಿಲ್ಲ. ಮೂತಿ ಮಾತ್ರ ಹಿಂದಿನಂತೆಯೇ ಎಡಕ್ಕೆ ತಿರುಗಿತು. ಆದ್ದರಿಂದ ಡಿವಿಎಲ್ ಸದ್ಯಕ್ಕೆ ಬೇಡವೆಂದು, ಮೊದಲು ಒಳ್ಳೆಯ ಗೈರೋಗೆ ಬೆಲೆ ಕೇಳಿದ್ದೇವೆ.